ಗುಂಯ್ ಅಂತಿತ್ತಾ, ಗರಗರ ಅಂತಿತ್ತಾ?

ದಾವಣಗೆರೆಯ ಗೆಳೆಯರಿಗೆ ನಮಸ್ಕಾರ.

ಮನೆಯಲ್ಲೇ ಗಿಟಾರ್ ಡಿಸ್ಟಾರ್ಶನ್ ಪೆಡಲ್, ಅಂದರೆ ಗಿಟಾರಿನ ಸದ್ದನ್ನು ಬೇಕಂತಲೇ ಒರಟು ಮಾಡುವ ಪುಟ್ಟ ಪೆಟ್ಟಿಗೆ, ಕಟ್ಟಿದ್ದರ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ವಿಷಯ ಹೊಸದು. ಕಾಗುಣಿತ ಶುದ್ಧವಾಗಿದೆ. 1962ರ ಮ್ಯಾಸ್ಟ್ರೊ ಫಝ್-ಟೋನ್‌ನಿಂದ ಶುರುವಾಗುವ ಇಂಥ ಪೆಡಲ್‌ಗಳ ಇತಿಹಾಸವನ್ನು ನಾಲ್ಕೇ ಸಾಲಲ್ಲಿ ಮುಗಿಸಿದ್ದೀರಿ, ಅದೂ ಒಳ್ಳೆಯದೇ. ಆದರೆ ಈಗಿರುವ ಹಾಗೆ ಇದನ್ನು ಪತ್ರಿಕೆಗೆ ಹಾಕೋಕೆ ಆಗಲ್ಲ. ಎರಡು ಕಡೆ ನನಗೆ ನಿಜಕ್ಕೂ ಸಿಟ್ಟು ಬಂತು.

ಮೊದಲನೆಯದು ಈ ಸಾಲು: "ಸಿಲಿಕಾನ್ ಡಯೋಡ್‌ಗಳನ್ನು ತೆಗೆದು ಕೆಂಪು ಎಲ್‌ಇಡಿಗಳನ್ನು ಅಳವಡಿಸಿದಾಗ ಶಬ್ದದ ಗುಣಮಟ್ಟದಲ್ಲಿ ಗಣನೀಯ ಸುಧಾರಣೆ ಕಂಡುಬಂದಿತು."

ಸುಧಾರಣೆ ಅಂದರೆ ಏನು? ಜೋರಾಯಿತಾ, ತೆಳುವಾಯಿತಾ, ಒರಟಾಯಿತಾ? "ಕಂಡುಬಂದಿತು" ಅಂತೀರಿ. ಸದ್ದು ಕಿವಿಗೆ ಬೀಳಬೇಕು, ಅಲ್ವಾ? ಡಯೋಡ್ ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಬಾಗಿಲು ಇದ್ದ ಹಾಗೆ. ಸಿಲಿಕಾನ್ ಡಯೋಡ್ ಸುಮಾರು 0.6 ವೋಲ್ಟ್‌ಗೇ ತೆರೆದುಕೊಳ್ಳುತ್ತದೆ. ಅದಕ್ಕಿಂತ ಮೇಲೆದ್ದ ಅಲೆಯ ತಲೆಯನ್ನು ಸವರಿಬಿಡುತ್ತದೆ. ಕೆಂಪು ಎಲ್‌ಇಡಿ ಸುಮಾರು 1.8 ವೋಲ್ಟ್‌ವರೆಗೂ ತಾಳಿಕೊಳ್ಳುತ್ತದೆ. ಅಂದಮೇಲೆ ಸದ್ದು ಜೋರಾಗಿರಬೇಕು. ತಂತಿಯನ್ನು ಮೆಲ್ಲಗೆ ಮೀಟಿದ್ದಕ್ಕೂ ಬಿರುಸಾಗಿ ಹೊಡೆದದ್ದಕ್ಕೂ ವ್ಯತ್ಯಾಸ ಜಾಸ್ತಿ ಗೊತ್ತಾಗಿರಬೇಕು. ನಾನು ಇಲ್ಲಿ ಕೂತು ಲೆಕ್ಕ ಹಾಕಿ ಹೇಳುತ್ತಿದ್ದೇನೆ. ನೀವು ಆ ರಾತ್ರಿ ಅದನ್ನು ಕಿವಿಯಾರೆ ಕೇಳಿದವರು. ಕೇಳಿದ್ದನ್ನು ಯಾಕೆ ಬರೆಯಲಿಲ್ಲ?

ಎಸ್ಎಸ್ಎಲ್‌ಸಿ ಮುಗಿಸಿದ ಬೇಸಿಗೆಯಲ್ಲಿ ನಾನು ಚಿತ್ರದುರ್ಗದ ಒಂದು ರೇಡಿಯೊ ರಿಪೇರಿ ಅಂಗಡಿಗೆ ಸೇರಿದ್ದೆ. ಸೆಟ್ ಬಂದ ಕೂಡಲೇ ಹಿಂಬದಿ ಬಿಚ್ಚೋಕೆ ಹೋಗುತ್ತಿದ್ದೆ. ಯಜಮಾನರು ಕೈ ಹಿಡಿದುಕೊಳ್ಳುತ್ತಿದ್ದರು. "ಏ ತಮ್ಮಾ, ಸ್ಕ್ರೂಡ್ರೈವರ್ ಕೆಳಗಿಡು. ಮೊದ್ಲು ಅದು ಏನಂತೈತೆ ಹೇಳು." ಕೆಟ್ಟ ಸದ್ದು ಬರ್ತಿದೆ ಅಂದರೆ ಒಪ್ಪುತ್ತಿರಲಿಲ್ಲ. ಗುಂಯ್ ಅಂತ ಒಂದೇ ಸಮ ಎಳೆದರೆ ಫಿಲ್ಟರ್ ಕೆಪಾಸಿಟರ್ ಒಣಗಿದೆ. ಚಿಟ್ ಚಿಟ್ ಅಂದರೆ ಎಲ್ಲೋ ಬೆಸುಗೆ ಬಿಟ್ಟಿದೆ. ವಾಲ್ಯೂಮ್ ತಿರುಗಿಸುವಾಗ ಮಾತ್ರ ಗರಗರ ಅಂದರೆ ಕಂಟ್ರೋಲ್ ಒಳಗೆ ಧೂಳು ಕೂತಿದೆ. ಸದ್ದಿನ ಹೆಸರು ಸರಿಯಾಗಿ ಹೇಳಿದ ದಿನ ಮಾತ್ರ ಸೋಲ್ಡರಿಂಗ್ ಐರನ್ ಕೈಗೆ ಸಿಗುತ್ತಿತ್ತು. ಮುಂದೆ ಪತ್ರಿಕೆಗೆ ಬಂದು ಎಷ್ಟೋ ಜನರ ಕೈಕೆಳಗೆ ಕೆಲಸ ಮಾಡಿದೆ. ಬರೆಯೋದಕ್ಕೆ ಅಷ್ಟು ಉಪಯೋಗಕ್ಕೆ ಬಂದ ಪಾಠ ಬೇರೆ ಸಿಗಲಿಲ್ಲ.

ಆ ರೇಡಿಯೊಗಳಲ್ಲಿ ಒಎ79 ಅಂತ ಒಂದು ಪುಟ್ಟ ಗಾಜಿನ ಡಯೋಡ್ ಇರುತ್ತಿತ್ತು. ಸಿಲಿಕಾನ್ ಅಲ್ಲ, ಜರ್ಮೇನಿಯಂ ಅನ್ನೋ ಧಾತುವಿನದು. ಕೆಟ್ಟ ಸೆಟ್‌ಗಳಿಂದ ಕಿತ್ತು ಔಷಧಿ ಶೀಶೆಯಲ್ಲಿ ಹಾಕಿಡುತ್ತಿದ್ದೆವು. ಅದು ಸುಮಾರು 0.3 ವೋಲ್ಟ್‌ಗೇ ತೆರೆದುಕೊಳ್ಳುತ್ತದೆ. ಗುಜರಿಯಲ್ಲಿ ಎಲ್ಲಾದರೂ ಸಿಕ್ಕರೆ ಒಂದು ಜೊತೆ ತಂದು ನಿಮ್ಮ ಪೆಡಲ್‌ಗೆ ಹಾಕಿ ನೋಡಿ. ಸದ್ದು ಇಳಿಯುತ್ತದೆ, ಅಂಚು ಮೆತ್ತಗಾಗುತ್ತದೆ. ಎಲ್‌ಇಡಿಯ ಸದ್ದಿಗೆ ಒಂದು ಪದ, ಇದಕ್ಕೆ ಒಂದು ಪದ ಹುಡುಕಿ. ನಿಮ್ಮ ಮನೆಯಲ್ಲಿ ಆಡೋ ಮಾತಲ್ಲೇ ಹುಡುಕಿ. "ವಿರೂಪಗೊಂಡ ಶಬ್ದತರಂಗ" ಅಂತ ಏಳು ಸಲ ಬರೆದಿದ್ದೀರಿ. ಏಳನ್ನೂ ಹೊಡೆದುಹಾಕಿ.

ಎರಡನೆಯ ಸಿಟ್ಟು ಇದರ ಮೇಲೆ: "ಜೋಡಣೆಯ ವೇಳೆ ಕೆಲವು ತಾಂತ್ರಿಕ ಅಡಚಣೆಗಳು ಎದುರಾದವು. ಅವುಗಳನ್ನು ನಿವಾರಿಸಲಾಯಿತು." ಯಾರು ನಿವಾರಿಸಿದ್ದು? ನೀವೇ ತಾನೆ? ಅದರ ಮುಂದಿನ ಸಾಲಲ್ಲೇ "ಪ್ಲಾಸ್ಟಿಕ್ ಡಬ್ಬಿಯ ಬದಲು ಅಡುಗೆಮನೆಯ ಸ್ಟೀಲ್ ಡಬ್ಬಿಯನ್ನು ಬಳಸಲಾಯಿತು" ಅಂತ ಇದೆ. ಅಂದರೆ ಗುಂಯ್ ಅಂತಿತ್ತು. ಮನೆಯ ಕರೆಂಟಿನ 50 ಹರ್ಟ್ಸ್ ಸದ್ದು ಪ್ಲಾಸ್ಟಿಕ್ ದಾಟಿ ಒಳಗೆ ಬರುತ್ತಿತ್ತು, ಪೆಡಲ್ ಅದನ್ನೂ ಹಿಗ್ಗಿಸುತ್ತಿತ್ತು. ಲೋಹದ ಡಬ್ಬಿಯನ್ನು ಗ್ರೌಂಡಿಗೆ ಜೋಡಿಸಿದ ಮೇಲೆ ಅಡಗಿತು. ಸರಿನಾ? ಇದು ಇಡೀ ಲೇಖನದ ಜೀವ. ಇದನ್ನು ನಾನು ಊಹಿಸಬೇಕಾಯಿತು.

ಇನ್ನು ಸ್ಟೀಲ್ ಡಬ್ಬಿಗೆ ತೂತು ಕೊರೆಯೋದು ಸುಮ್ನೆ ಮಾತಲ್ಲ. ಡ್ರಿಲ್ ಜೋರಾಗಿ ಓಡಿಸಿದರೆ ಬಿಟ್ ಮೊಂಡಾಗುತ್ತದೆ, ಕೊರೆದ ಜಾಗ ಇನ್ನೂ ಗಡುಸಾಗುತ್ತದೆ. ಕಾಲಲ್ಲಿ ಒತ್ತುವ ಫುಟ್‌ಸ್ವಿಚ್‌ಗೆ 12 ಮಿಲಿಮೀಟರ್ ತೂತು ಬೇಕು. ನಿಧಾನಕ್ಕೆ, ಎಣ್ಣೆ ಬಿಟ್ಟುಕೊಂಡು ಕೊರೆದಿರಾ? ಯಾರ ಡ್ರಿಲ್ಲು? ಡಬ್ಬಿಯಲ್ಲಿ ಮೊದಲು ಏನಿತ್ತು, ಮಂಡಕ್ಕಿಯಾ, ಸಾಸಿವೆಯಾ? ಅಮ್ಮ ಏನಂದರು?

ಉಳಿದ ಪುಟಗಳ ಬಗ್ಗೆ ಈಗ ಏನೂ ಹೇಳಲ್ಲ. ಈ ಎರಡು ಜಾಗ ಮೊದಲಿಂದ ಬರೆದು ಕಳಿಸಿ. ಪೆಡಲ್‌ನ ರೆಕಾರ್ಡಿಂಗ್ ಕಳಿಸುತ್ತೇನೆ ಅಂದಿದ್ದೀರಿ. ಈಗಲೇ ಬೇಡ. ನೀವು ಬರೆದದ್ದನ್ನು ಓದಿದ ಮೇಲೆ ಕೇಳುತ್ತೇನೆ.