ದುಡ್ಡು ಬಂದಾಗ ತಾಂಡಾ ಖಾಲಿ

ರಾಜ್ಯ, ಜಿಲ್ಲೆಗಳ ಆರೋಗ್ಯ ಬಜೆಟ್ಟನ್ನು ದೇಶದ ಆರೋಗ್ಯ ಆದ್ಯತೆಗಳಿಗೆ ಹೊಂದಿಸುವುದು ಹೇಗೆ, ಕಲ್ಯಾಣ ಕರ್ನಾಟಕದಂಥ ಕಡೆ ಅದು ಏಕೆ ಹೊಂದುತ್ತಿಲ್ಲ ಎಂದು ಕೇಳಿದ್ದೀರಿ. ಯಾದಗಿರಿ ಜಿಲ್ಲೆಯ ತಾಲ್ಲೂಕು ಮಟ್ಟದ ಕಚೇರಿಯೊಂದರಲ್ಲಿ ಹನ್ನೊಂದು ವರ್ಷ ಆರೋಗ್ಯ ಕಾರ್ಯಕ್ರಮಗಳ ಲೆಕ್ಕ ಬರೆದವನು ನಾನು. ಕಾಗದದ ಮೇಲೆ ಎಲ್ಲವೂ ತಾಳೆಯಾಗುತ್ತದೆ. ತಾಳೆ ತಪ್ಪುವುದು ತಾರೀಖಿನಲ್ಲಿ.

ಕಾಗದದ ಮಾತನ್ನು ಬೇಗ ಮುಗಿಸುತ್ತೇನೆ. ಸಾರ್ವಜನಿಕ ಆರೋಗ್ಯ ರಾಜ್ಯಪಟ್ಟಿಯ ವಿಷಯ. ಕೇಂದ್ರವು ಆಜ್ಞೆ ಮಾಡಲಾರದು, ಹಣ ಕೊಟ್ಟು ದಾರಿ ತೋರಿಸಬಹುದು. 2017ರ ರಾಷ್ಟ್ರೀಯ ಆರೋಗ್ಯ ನೀತಿಯ ಪ್ರಕಾರ ಸರ್ಕಾರಗಳ ಆರೋಗ್ಯ ವೆಚ್ಚ 2025ರೊಳಗೆ ಜಿಡಿಪಿಯ ಶೇ 2.5ಕ್ಕೆ ಏರಬೇಕಿತ್ತು, ರಾಜ್ಯಗಳು ತಮ್ಮ ಬಜೆಟ್ಟಿನಲ್ಲಿ ಶೇ 8ಕ್ಕಿಂತ ಹೆಚ್ಚನ್ನು ಆರೋಗ್ಯಕ್ಕೆ ಇಡಬೇಕಿತ್ತು, ಹಣದ ಮೂರನೇ ಎರಡು ಭಾಗ ಪ್ರಾಥಮಿಕ ಆರೈಕೆಗೆ ಹೋಗಬೇಕಿತ್ತು. ದಾರಿ ತೋರಿಸುವ ಹಣ ಬರುವುದು ಮುಖ್ಯವಾಗಿ ರಾಷ್ಟ್ರೀಯ ಆರೋಗ್ಯ ಅಭಿಯಾನದ ಮೂಲಕ. ಕರ್ನಾಟಕಕ್ಕೆ ಅದರಲ್ಲಿ ಕೇಂದ್ರದ ಪಾಲು 60, ರಾಜ್ಯದ್ದು 40. ಜಿಲ್ಲೆ ತನ್ನ ಕ್ರಿಯಾ ಯೋಜನೆ ಬರೆದು ಬೆಂಗಳೂರಿಗೆ ಕಳಿಸುತ್ತದೆ, ಬೆಂಗಳೂರು ಎಲ್ಲ ಜಿಲ್ಲೆಗಳದ್ದನ್ನು ಕೂಡಿಸಿ ಪಿಐಪಿ, ಅಂದರೆ ಕಾರ್ಯಕ್ರಮ ಅನುಷ್ಠಾನ ಯೋಜನೆ, ಎಂದು ದೆಹಲಿಗೆ ಕಳಿಸುತ್ತದೆ. ಮಂಜೂರಾಗಿ ಬರುವ ಪಟ್ಟಿಯಲ್ಲಿ ಪ್ರತಿಯೊಂದು ಕೆಲಸಕ್ಕೂ ಒಂದು ಸಾಲು, ಸಾಲಿಗೊಂದು ಮೊತ್ತ. ಒಂದು ಸಾಲಿನ ದುಡ್ಡನ್ನು ಮೇಲಿನವರ ಅನುಮತಿಯಿಲ್ಲದೆ ಇನ್ನೊಂದಕ್ಕೆ ಮುಟ್ಟುವಂತಿಲ್ಲ.

ಈಗ ರಕ್ತಹೀನತೆಯ ವಿಷಯವನ್ನೇ ತೆಗೆದುಕೊಳ್ಳಿ. 2018ರಲ್ಲಿ ಆರಂಭವಾದ ಅನೀಮಿಯ ಮುಕ್ತ ಭಾರತ ದೇಶದ ಆದ್ಯತೆ. ಗರ್ಭಿಣಿಗೆ 180 ದಿನ ಕಬ್ಬಿಣಾಂಶದ ಮಾತ್ರೆ, ಹೆರಿಗೆಯಾದ ಮೇಲೆ ಮತ್ತೆ 180 ದಿನ, ಹದಿಹರೆಯದವರಿಗೆ ವಾರಕ್ಕೊಂದು ನೀಲಿ ಮಾತ್ರೆ. ನಮ್ಮ ಭಾಗಕ್ಕೆ ಇದಕ್ಕಿಂತ ಒಪ್ಪುವ ಆದ್ಯತೆ ಇಲ್ಲ. ಜಿಲ್ಲೆಯೂ ಇದನ್ನೇ ಬರೆದಿತ್ತು, ರಾಜ್ಯವೂ ಇದನ್ನೇ ಬರೆದಿತ್ತು.

ಒಂದು ವರ್ಷ ಆ ಸಾಲಿನ ಹಣ ನಮ್ಮ ಕಚೇರಿಗೆ ಬಂದಾಗ ಫೆಬ್ರುವರಿ ಎರಡನೇ ವಾರ. ಮಾರ್ಚ್ 31ರೊಳಗೆ ಖರ್ಚಾಗಬೇಕು, ಇಲ್ಲದಿದ್ದರೆ ಮುಂದಿನ ವರ್ಷ ಬೇಡಿಕೆಗೆ ಕತ್ತರಿ ಬೀಳುತ್ತದೆ. ಹಿಮೋಗ್ಲೋಬಿನ್ ಪರೀಕ್ಷೆಯ ಪಟ್ಟಿಗಳನ್ನು (ಸ್ಟ್ರಿಪ್) ಖರೀದಿಸಿ, ಶಿಬಿರಕ್ಕೆಂದು ಒಂದು ತಾಂಡಾಕ್ಕೆ ಹೋದೆವು. ಸಾಲಾಗಿ ಮನೆಗಳು, ಸಾಲಾಗಿ ಬೀಗಗಳು. ತುಕ್ಕು ಹಿಡಿಯದಿರಲೆಂದು ಕೆಲವರು ಬೀಗಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ ದಾರದಿಂದ ಕಟ್ಟಿದ್ದರು. ಕಟ್ಟೆಯ ಮೇಲೆ ಮುದುಕರು, ಮೊಮ್ಮಕ್ಕಳು. ಆಶಾ ಕಾರ್ಯಕರ್ತೆ ತನ್ನ ರಿಜಿಸ್ಟರ್ ತೆರೆದು ತೋರಿಸಿದರು. ಗರ್ಭಿಣಿಯರ ಹೆಸರಿನ ಮುಂದೆ ಒಂದಾದ ಮೇಲೊಂದು, ಕೆಂಪು ಶಾಯಿಯಲ್ಲಿ: ಗುಳೆ, ಬೆಂಗಳೂರು. ಗುಳೆ, ಪುಣೆ. ಗುಳೆ, ಬೆಂಗಳೂರು.

“ಸರ್, ಇದನ್ನೇ ದಸರೆಗೆ ಮುಂಚೆ ತಂದಿದ್ದರೆ ಎಲ್ಲರೂ ಊರಲ್ಲೇ ಇದ್ದರು” ಎಂದರು.

ಇದ್ದವರ ಬೆರಳು ಚುಚ್ಚಿ ಬಂದೆವು. ಶಿಬಿರ ನಡೆದಿದೆ, ಹಣ ಪೂರ್ತಿ ಬಳಕೆಯಾಗಿದೆ ಎಂಬ ವರದಿ ಮೇಲೆ ಹೋಯಿತು. ಅದರಲ್ಲಿ ಸುಳ್ಳಿನ ಅಂಕಿ ಒಂದೂ ಇರಲಿಲ್ಲ. ಆದರೆ ಯಾರಿಗಾಗಿ ಆ ಹಣ ದೆಹಲಿಯಿಂದ ಹೊರಟಿತ್ತೋ ಆ ಹೆಣ್ಣುಮಕ್ಕಳು ಆ ಹೊತ್ತಿಗೆ ಯಾವುದೋ ಕಟ್ಟಡದಲ್ಲಿ ಇಟ್ಟಿಗೆ ಹೊರುತ್ತಿದ್ದರು. ಆ ವರದಿಯ ಲೆಕ್ಕ ನನ್ನ ಕೈಬರಹದ್ದು. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಯಾರೂ ಬೇಕೆಂದು ತಡ ಮಾಡುವುದಿಲ್ಲ. ಕೇಂದ್ರದ ಕಂತು ಬರಬೇಕು, ಅದಕ್ಕೆ ರಾಜ್ಯ ತನ್ನ ಪಾಲು ಸೇರಿಸಬೇಕು, ಹಿಂದಿನ ಕಂತಿನ ಹಣ ಬಳಕೆ ಪ್ರಮಾಣಪತ್ರ ಹೋಗಿರಬೇಕು. ಎಲ್ಲೋ ಒಂದು ತಾಲ್ಲೂಕಿನ ಪತ್ರ ನಿಂತರೆ ಅದರ ಬಿಸಿ ಮಿಕ್ಕವರಿಗೂ ತಟ್ಟುತ್ತದೆ. ಹೀಗೆ ಒಂದೊಂದು ಮೇಜಿನಲ್ಲಿ ಹದಿನೈದಿಪ್ಪತ್ತು ದಿನ ಕಳೆದು ಮಳೆಗಾಲ ದಾಟುತ್ತದೆ. ಸರ್ಕಾರದ ವರ್ಷ ಏಪ್ರಿಲ್‌ನಿಂದ ಮಾರ್ಚ್. ತಾಂಡಾದ ವರ್ಷ ಮುಂಗಾರಿನಿಂದ ದೀಪಾವಳಿ, ಬಹಳವೆಂದರೆ ತೊಗರಿ ರಾಶಿಯವರೆಗೆ. ಆಮೇಲೆ ಊರಲ್ಲಿ ಕೂಲಿಯೂ ಇಲ್ಲ, ಜನರೂ ಇಲ್ಲ.

ನಮ್ಮಲ್ಲಿ ಇನ್ನೊಂದು ಕೈಯಿಂದಲೂ ಹಣ ಬರುತ್ತದೆ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯಿಂದಾಗಿ 2013ರಲ್ಲಿ ರಚನೆಯಾದ, ಈಗ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಎನಿಸಿಕೊಂಡಿರುವ ಸಂಸ್ಥೆಗೆ 2023-24ರ ರಾಜ್ಯ ಬಜೆಟ್ಟಿನಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಕಲಬುರಗಿಯಲ್ಲಿ ಆ ವಿಧಿಯ ನೆನಪಿಗೆಂದೇ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆ ಎದ್ದು ನಿಂತಿದೆ. ಎದೆನೋವು ಬಂದರೆ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಓಡುತ್ತಿದ್ದ ನಮಗೆ ಅದು ಎಷ್ಟು ದೊಡ್ಡದೆಂದು ಇಲ್ಲಿಯವರಿಗೇ ಗೊತ್ತು. ಆದರೆ ಇಂಥ ಹಣದ ಒಲವು ಕಟ್ಟಡ, ಯಂತ್ರಗಳ ಕಡೆಗೆ. ಶುಶ್ರೂಷಕಿಯ ಸಂಬಳ ಮತ್ತೊಂದು ಲೆಕ್ಕಶೀರ್ಷಿಕೆ, ಪರೀಕ್ಷೆಯ ಪಟ್ಟಿ ಇನ್ನೊಂದು. ಮೂರೂ ಯೋಜನೆಗಳು ಬೇರೆ ಬೇರೆ ಕೋಣೆಯಲ್ಲಿ, ಬೇರೆ ಬೇರೆ ತಿಂಗಳಲ್ಲಿ ತಯಾರಾಗುತ್ತವೆ. ಟೈಲ್ಸ್ ಹಾಕಿದ ಹೊಸ ಉಪಕೇಂದ್ರದಲ್ಲಿ ಹಿಮೋಗ್ಲೋಬಿನ್ ಮೀಟರ್ ಇದ್ದು ಪರೀಕ್ಷೆಯ ಪಟ್ಟಿ ಇಲ್ಲದ್ದನ್ನು ನಾನು ಕಂಡಿದ್ದೇನೆ.

ಹಾಗಾದರೆ ಏನು ಮಾಡಬಹುದು? ಅಭಿಯಾನದ ಯೋಜನೆಯನ್ನೂ ಮಂಡಳಿಯ ಕ್ರಿಯಾ ಯೋಜನೆಯನ್ನೂ ಜಿಲ್ಲೆಯಲ್ಲಿ ಒಂದೇ ಮೇಜಿನ ಮೇಲೆ, ಒಂದೇ ದಿನ ಹರಡಬೇಕು. ಕಟ್ಟಡ ಮಂಜೂರಾದರೆ ಅಲ್ಲಿ ಕೂರುವವರ ಹುದ್ದೆ ಎಲ್ಲಿಂದ ಎಂಬುದೂ ಅದೇ ಹಾಳೆಯಲ್ಲಿ ಇರಬೇಕು. ಅದಕ್ಕಿಂತ ಮುಖ್ಯವಾಗಿ, ಗುಳೆ ಹೋಗುವ ತಾಲ್ಲೂಕುಗಳಿಗೆ ತಾಯಿ-ಮಗುವಿನ ಕಾರ್ಯಕ್ರಮಗಳ ಹಣವನ್ನು ಕೇಂದ್ರದ ಕಂತಿಗೆ ಕಾಯದೆ ರಾಜ್ಯ ತನ್ನ ಲೆಕ್ಕದಿಂದ ಮೊದಲೇ ಕೊಟ್ಟು, ಆಮೇಲೆ ಹೊಂದಿಸಿಕೊಳ್ಳಬೇಕು. ನನಗೆ ಒಂದೇ ಒಂದು ಬದಲಾವಣೆ ಮಾಡುವ ಅಧಿಕಾರ ಸಿಕ್ಕರೆ ಇದನ್ನೇ ಮಾಡುತ್ತಿದ್ದೆ. ಊರು ಬಿಡುವಾಗ ಗರ್ಭಿಣಿಯ ಕೈಗೆ ಉಳಿದ ದಿನಗಳ ಮಾತ್ರೆ ಮತ್ತು ತಾಯಿ ಕಾರ್ಡ್ ಕೊಟ್ಟು ಕಳಿಸುವಷ್ಟಾದರೂ ಆಗಬೇಕು.

ನೀವು ಈ ಭಾಗದವರಾಗಿದ್ದರೆ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯ ಸಭೆಗೆ ಹೋಗಿ. ಎಷ್ಟು ಹಣ ಬಂತು ಎಂದು ಎಲ್ಲರೂ ಕೇಳುತ್ತಾರೆ. ನೀವು ಯಾವ ದಿನ ಬಂತು ಎಂದು ಕೇಳಿ, ಆ ದಿನ ಊರಿನಲ್ಲಿ ಎಷ್ಟು ಗರ್ಭಿಣಿಯರಿದ್ದರು ಎಂದು ಆಶಾ ಕಾರ್ಯಕರ್ತೆಯ ರಿಜಿಸ್ಟರ್ ತೆರೆಸಿ ನೋಡಿ, ಎರಡನ್ನೂ ನಡಾವಳಿಯಲ್ಲಿ ಬರೆಸಿ. ಮುಂದಿನ ವರ್ಷದ ಯೋಜನೆ ಬರೆಯುವವರು ಮೊದಲು ತೆರೆಯಬೇಕಾದದ್ದು ಆ ನಡಾವಳಿ ಪುಸ್ತಕವನ್ನೇ.