ತಲೆಬುರುಡೆಯ ಬಾವುಟ ಹಾರಿಸಿದ ಮ್ಯಾಕ್ಸ್ ಹಾರ್ಟನ್

ಪ್ರಶ್ನೆ: 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಅರ್ಜೆಂಟೀನಾದ ಕ್ರೂಸರ್ ಜನರಲ್ ಬೆಲ್‌ಗ್ರಾನೊವನ್ನು ಮುಳುಗಿಸಿದ ಬ್ರಿಟಿಷ್ ಜಲಾಂತರ್ಗಾಮಿ ಕಾಂಕರರ್, ತವರಿಗೆ ಮರಳುವಾಗ ಕಡಲ್ಗಳ್ಳರ ತಲೆಬುರುಡೆಯ ಬಾವುಟ ಹಾರಿಸಿತ್ತೆಂದು ಓದಿದ್ದೇನೆ. ಶಿಸ್ತಿಗೆ ಹೆಸರಾದ ನೌಕಾಪಡೆಯಲ್ಲಿ ಈ ರೂಢಿ ಹುಟ್ಟಿದ್ದು ಹೇಗೆ? ಅದನ್ನು ಆರಂಭಿಸಿದ ಅಧಿಕಾರಿ ಮುಂದೆ ಏನಾದ? ಆತನಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ ದೊರೆಯಿತೇ?
— ಓದುಗರೊಬ್ಬರು, ಕಾರವಾರ

ಉತ್ತರ: ಆ ಅಧಿಕಾರಿಯ ಹೆಸರು ಮ್ಯಾಕ್ಸ್ ಹಾರ್ಟನ್. 1883ರ ನವೆಂಬರ್ 29ರಂದು ವೇಲ್ಸಿನ ಆಂಗಲ್ಸಿ ದ್ವೀಪದಲ್ಲಿ ಹುಟ್ಟಿದ ಈತ 1898ರಲ್ಲಿ ನೌಕಾಪಡೆಯ ತರಬೇತಿ ಹಡಗು ಬ್ರಿಟಾನಿಯಾವನ್ನು ಸೇರಿದ. ಜಲಾಂತರ್ಗಾಮಿಗಳೆಂದರೆ ಹಿರಿಯ ಅಧಿಕಾರಿಗಳು ಮೂಗು ಮುರಿಯುತ್ತಿದ್ದ ಕಾಲವದು. ನೀರಿನಡಿ ಅವಿತು ಹೊಡೆಯುವುದು ಇಂಗ್ಲಿಷರಿಗೆ ತಕ್ಕ ಯುದ್ಧವಲ್ಲ, ಯುದ್ಧಕಾಲದಲ್ಲಿ ಸೆರೆಸಿಕ್ಕ ಜಲಾಂತರ್ಗಾಮಿ ಸಿಬ್ಬಂದಿಯನ್ನು ಕಡಲ್ಗಳ್ಳರಂತೆ ಗಲ್ಲಿಗೇರಿಸಬೇಕು ಎಂಬರ್ಥದ ಮಾತನ್ನು ಅಡ್ಮಿರಲ್ ಆರ್ಥರ್ ವಿಲ್ಸನ್ ಆಡಿದ್ದನೆಂದು ಹೇಳುತ್ತಾರೆ. ಆ ಬಾವುಟದ ಬೇರು ಇರುವುದು ಈ ತಿರಸ್ಕಾರದಲ್ಲಿ.

ಹಾರ್ಟನ್ ಮೊದಲು ನಡೆಸಿದ ಎ1 ಜಲಾಂತರ್ಗಾಮಿಯ ಕಥೆಯೇ ಆ ಕೆಲಸದ ಅಪಾಯವನ್ನು ಹೇಳುತ್ತದೆ: 1904ರಲ್ಲಿ ಪ್ರಯಾಣಿಕರ ಹಡಗೊಂದು ಬಡಿದು ಅದು ಸಿಬ್ಬಂದಿಯೆಲ್ಲರನ್ನೂ ಹೊತ್ತು ಮುಳುಗಿತ್ತು, ಬಳಿಕ ಅದನ್ನು ಮೇಲೆತ್ತಿ ದುರಸ್ತಿ ಮಾಡಿ ಮತ್ತೆ ಬಳಕೆಗೆ ತಂದಿದ್ದರು. 1914ರ ಆಗಸ್ಟ್‌ನಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಆತ ಇ9 ಎಂಬ ಹೊಸ ಜಲಾಂತರ್ಗಾಮಿಯ ನಾಯಕನಾಗಿದ್ದ. ಸೆಪ್ಟೆಂಬರ್ 13ರಂದು ಹೆಲಿಗೋಲೆಂಡ್ ದ್ವೀಪದ ಬಳಿ ಜರ್ಮನಿಯ ಹಗುರ ಕ್ರೂಸರ್ ಹೇಲಾವನ್ನು ಎರಡು ಟಾರ್ಪೆಡೊಗಳಿಂದ ಮುಳುಗಿಸಿದ. ಬ್ರಿಟಿಷ್ ಜಲಾಂತರ್ಗಾಮಿಯೊಂದು ಮುಳುಗಿಸಿದ ಮೊದಲ ಶತ್ರು ಯುದ್ಧನೌಕೆ ಅದು. ಹಾರಿಚ್ ಬಂದರಿಗೆ ಮರಳುವಾಗ ವಿಲ್ಸನ್ನನ ಮಾತಿಗೆ ಉತ್ತರವೆಂಬಂತೆ ತಲೆಬುರುಡೆ ಮತ್ತು ಎಲುಬುಗಳ ಕಪ್ಪು ಬಾವುಟವನ್ನು ಏರಿಸಿದ. ಅಕ್ಟೋಬರ್ 6ರಂದು ಎಮ್ಸ್ ನದಿಯ ಮುಖದ ಬಳಿ ಎಸ್116 ಎಂಬ ಡೆಸ್ಟ್ರಾಯರ್ ಮುಳುಗಿದ ಮೇಲೆ ಇನ್ನೊಂದು ಬಾವುಟವೂ ಏರಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಇದೇ ರೂಢಿಯಾಗಿ, ಮುಳುಗಿಸಿದ ಹಡಗುಗಳ ಲೆಕ್ಕವನ್ನು ಬಾವುಟದ ಮೇಲೆ ಪಟ್ಟೆಗಳಾಗಿ ಹೊಲಿಯುವ ಪದ್ಧತಿಯೂ ಬೆಳೆಯಿತು.

ಬಾವುಟದ ಕಥೆ ಎಲ್ಲರಿಗೂ ಪ್ರಿಯ. ಆದರೆ ಹಾರ್ಟನ್ ನಾಯಕನಾಗಿ ಎಂಥವನೆಂಬುದು ಬಾಲ್ಟಿಕ್ ಸಮುದ್ರದಲ್ಲೇ ಹೆಚ್ಚು ತಿಳಿಯುತ್ತದೆ ಎಂದು ನನ್ನ ಅಭಿಪ್ರಾಯ. ಅದೇ ಅಕ್ಟೋಬರ್‌ನಲ್ಲಿ ಆತ ಮತ್ತು ಇ1ರ ನಾಯಕ ನೋಯಲ್ ಲಾರೆನ್ಸ್, ಡೆನ್ಮಾರ್ಕ್ ಮತ್ತು ಸ್ವೀಡನ್ ನಡುವಣ ಕಿರಿದಾದ, ಆಳವಿಲ್ಲದ ಜಲಸಂಧಿಯಲ್ಲಿ ಜರ್ಮನ್ ಪಹರೆಯನ್ನು ತಪ್ಪಿಸಿ ಒಳನುಗ್ಗಿ ರಷ್ಯದ ನೌಕಾಪಡೆಯನ್ನು ಕೂಡಿಕೊಂಡರು. ಚಳಿಗಾಲದಲ್ಲಿ ಅಲ್ಲಿ ಕಡಲು ಹೆಪ್ಪುಗಟ್ಟುತ್ತದೆ, ಆದ್ದರಿಂದ ಜಲಾಂತರ್ಗಾಮಿಗಳು ವಸಂತದವರೆಗೆ ಬಂದರಿನಲ್ಲೇ ಇರುವುವೆಂದು ಎಲ್ಲರೂ ಎಣಿಸಿದ್ದರು. ಹಾರ್ಟನ್ ಹಿಮಭಂಜಕ ಹಡಗಿನ ಹಿಂದೆ ಹೊರಟೇಬಿಟ್ಟ. ಸಿಡಿದ ತೆರೆಯ ಹನಿ ಪೆರಿಸ್ಕೋಪಿನ ಮೇಲೂ ಮೇಲುಬಾಗಿಲಿನ ಅಂಚಿನಲ್ಲೂ ಟಾರ್ಪೆಡೊ ಕೊಳವೆಗಳ ಮುಚ್ಚಳದ ಮೇಲೂ ಕ್ಷಣದಲ್ಲಿ ಗಡ್ಡೆಕಟ್ಟುತ್ತಿತ್ತು. ಮೇಲಿನ ಗಾಳಿಗಿಂತ ಕೆಳಗಿನ ಉಪ್ಪುನೀರು ಬೆಚ್ಚಗಿದ್ದುದರಿಂದ, ಒಮ್ಮೆ ಮುಳುಗಿದರೆ ಆ ಮಂಜುಗಡ್ಡೆ ತಾನೇ ಕರಗುತ್ತದೆಂಬುದನ್ನು ಆತ ಕಂಡುಕೊಂಡ. ಸ್ವೀಡನ್ನಿನ ಕಬ್ಬಿಣದ ಅದಿರು ಜರ್ಮನಿಗೆ ಸಾಗುತ್ತಿದ್ದುದು ಇದೇ ಕಡಲ ದಾರಿಯಲ್ಲಿ, ಜರ್ಮನ್ ಪಡೆ ತರಬೇತಿ ಪಡೆಯುತ್ತಿದ್ದುದೂ ಇಲ್ಲೇ. ಹೀಗಾಗಿ ಬೆರಳೆಣಿಕೆಯ ಜಲಾಂತರ್ಗಾಮಿಗಳು ತಮ್ಮ ಗಾತ್ರಕ್ಕೆ ಮೀರಿದ ಭಯವನ್ನು ಹುಟ್ಟಿಸಿದವು. ಬಾಲ್ಟಿಕ್ಕಿಗೆ ಜರ್ಮನರು ‘ಹಾರ್ಟನ್ನನ ಕಡಲು’ ಎಂದು ಹೆಸರಿಟ್ಟಿದ್ದರೆಂಬ ಮಾತಿದೆ. 1915ರ ಕೊನೆಗೆ ಆತನನ್ನು ಇಂಗ್ಲೆಂಡಿಗೆ ಕರೆಸಿಕೊಂಡರು. ಇ9ರ ಪಾಲಿಗೆ ತವರು ಮತ್ತೆ ಸಿಗಲಿಲ್ಲ: 1918ರ ಏಪ್ರಿಲ್‌ನಲ್ಲಿ, ಫಿನ್ಲೆಂಡಿನಲ್ಲಿ ಇಳಿದ ಜರ್ಮನರ ಕೈಗೆ ಸಿಗಬಾರದೆಂದು ಬ್ರಿಟಿಷರೇ ಅದನ್ನು ಹೆಲ್ಸಿಂಕಿಯ ಹೊರಗೆ ಮುಳುಗಿಸಿದರು.

ಎರಡು ಯುದ್ಧಗಳ ನಡುವಿನ ಬಡ್ತಿಗಳನ್ನು ಇಲ್ಲಿ ಬಿಡೋಣ. 1940ರ ಜನವರಿಯಲ್ಲಿ ಹಾರ್ಟನ್ ಬ್ರಿಟನ್ನಿನ ಜಲಾಂತರ್ಗಾಮಿ ಪಡೆಯ ಮುಖ್ಯಸ್ಥನಾದ. 1942ರ ನವೆಂಬರ್‌ನಲ್ಲಿ ಬಂದ ಹೊಣೆಯಾದರೋ ಇದಕ್ಕೆ ವಿರುದ್ಧವಾದದ್ದು: ಲಿವರ್‌ಪೂಲಿನಲ್ಲಿ ಕುಳಿತು, ಅಟ್ಲಾಂಟಿಕ್ ದಾಟುವ ಸರಕು ಹಡಗುಗಳನ್ನು ಯು-ಬೋಟುಗಳಿಂದ, ಅಂದರೆ ಜರ್ಮನಿಯ ಜಲಾಂತರ್ಗಾಮಿಗಳಿಂದ ಕಾಯುವುದು. ಎದುರಾಳಿ, ಯು-ಬೋಟು ಪಡೆಯ ಮುಖ್ಯಸ್ಥ ಕಾರ್ಲ್ ಡೋನಿಟ್ಸ್ ಕೂಡ ಮೊದಲ ಯುದ್ಧದಲ್ಲಿ ಜಲಾಂತರ್ಗಾಮಿಯ ನಾಯಕನಾಗಿದ್ದವನು. ನೀರಿನಡಿಯ ನಾಯಕನಿಗೆ ಯಾವುದರ ಭಯ ಎಂಬುದು ಅನುಭವದಿಂದ ತಿಳಿದಿದ್ದ ಹಾರ್ಟನ್, ಹಡಗುಗಳ ಗುಂಪಿಗೆ ಅಂಟಿಕೊಂಡೇ ಇರಬೇಕಾದ ಬೆಂಗಾವಲಿನ ಜೊತೆಗೆ, ದಾಳಿ ನಡೆದಲ್ಲಿಗೆ ಧಾವಿಸಿ ಯು-ಬೋಟನ್ನು ಕೊನೆಯವರೆಗೆ ಬೆನ್ನಟ್ಟಬಲ್ಲ ಪ್ರತ್ಯೇಕ ತಂಡಗಳು ಬೇಕೆಂದು ಪಟ್ಟು ಹಿಡಿದ; ನಡುಗಡಲಿನವರೆಗೆ ಹಾರಬಲ್ಲ ವಿಮಾನಗಳಿಗಾಗಿಯೂ ಒತ್ತಾಯಿಸಿದ. 1943ರ ಮೇ ತಿಂಗಳೊಂದರಲ್ಲೇ ಜರ್ಮನಿ ಸುಮಾರು 40 ಯು-ಬೋಟುಗಳನ್ನು ಕಳೆದುಕೊಂಡಿತು ಮತ್ತು ಡೋನಿಟ್ಸ್ ಉತ್ತರ ಅಟ್ಲಾಂಟಿಕ್‌ನಿಂದ ಅವುಗಳನ್ನು ಹಿಂದೆಗೆಯಬೇಕಾಯಿತು. ರೇಡಾರ್, ಗೂಢಲಿಪಿ ಭೇದನೆ, ಹಿಂದಿನ ಮುಖ್ಯಸ್ಥ ಪರ್ಸಿ ನೋಬಲ್ ಕಟ್ಟಿದ್ದ ವ್ಯವಸ್ಥೆ ಇವೆಲ್ಲಕ್ಕೂ ಈ ಗೆಲುವಿನಲ್ಲಿ ಪಾಲಿರುವುದರಿಂದ, ಕೀರ್ತಿಯನ್ನೆಲ್ಲ ಹಾರ್ಟನ್ನನಿಗೇ ಕಟ್ಟುವುದು ಸರಿಯಲ್ಲ. ಕೆಳಗಿನವರಿಗೆ ಆತ ಪ್ರಿಯನಾದ ಅಧಿಕಾರಿಯೂ ಆಗಿರಲಿಲ್ಲ. ಮಧ್ಯಾಹ್ನ ಗಾಲ್ಫ್ ಆಡಲು ಹೋಗಿ, ರಾತ್ರಿ ಕದನ ಕಾವೇರುವ ಹೊತ್ತಿಗೆ ಬಂದು ಎಲ್ಲರನ್ನೂ ಪ್ರಶ್ನೆಗಳಿಂದ ಕಾಡುವುದು ಆತನ ದಿನಚರಿಯಾಗಿತ್ತು. ಯು-ಬೋಟುಗಳು ದಾಳಿ ಮಾಡುತ್ತಿದ್ದುದು ಹೆಚ್ಚಾಗಿ ರಾತ್ರಿಯೇ ಎಂಬುದನ್ನು ನೆನೆದರೆ ಈ ದಿನಚರಿಯಲ್ಲಿ ಅರ್ಥವಿಲ್ಲದಿಲ್ಲ.

1945ರ ಮೇ 14ರಂದು ಉತ್ತರ ಐರ್ಲೆಂಡಿನ ಲಿಸಹ್ಯಾಲಿಯಲ್ಲಿ ಎಂಟು ಯು-ಬೋಟುಗಳ ಶರಣಾಗತಿಯನ್ನು ಹಾರ್ಟನ್ ಸ್ವತಃ ಸ್ವೀಕರಿಸಿದ. ಅದೇ ವರ್ಷ ನಿವೃತ್ತನಾಗಿ, 1951ರ ಜುಲೈ 30ರಂದು ತೀರಿಕೊಂಡ.

ಇನ್ನು ವಿಕ್ಟೋರಿಯಾ ಕ್ರಾಸ್ ಆತನಿಗೆ ದೊರೆಯಲಿಲ್ಲ. ಡಿಎಸ್‌ಒ ಎಂಬ, ಯುದ್ಧಸೇವೆಗಾಗಿ ಅಧಿಕಾರಿಗಳಿಗೆ ಕೊಡುವ ಪದಕ ಮೂರು ಬಾರಿ ಬಂತು. ಜಲಾಂತರ್ಗಾಮಿಯವರಲ್ಲಿ ಮೊದಲ ವಿಕ್ಟೋರಿಯಾ ಕ್ರಾಸ್ ಪಡೆದವನು ನಾರ್ಮನ್ ಹೋಲ್‌ಬ್ರೂಕ್. 1914ರ ಡಿಸೆಂಬರ್ 13ರಂದು ಆತ ಹಳೆಯ ಬಿ11 ಜಲಾಂತರ್ಗಾಮಿಯನ್ನು ಡಾರ್ಡನೆಲ್ಸ್ ಜಲಸಂಧಿಯ ನೀರಿನಲ್ಲಿ ಇರಿಸಿದ್ದ ಐದು ಸಾಲು ಸಿಡಿಗುಂಡುಗಳ (ಮೈನ್) ಅಡಿಯಲ್ಲಿ ನುಸುಳಿಸಿ ತುರ್ಕಿಯ ಮೆಸುದಿಯೆ ಎಂಬ ಯುದ್ಧನೌಕೆಯನ್ನು ಮುಳುಗಿಸಿದ್ದ. ಆಸ್ಟ್ರೇಲಿಯಾದ ಜರ್ಮನ್‌ಟನ್ ಎಂಬ ಊರು 1915ರಲ್ಲಿ ತನ್ನ ಶತ್ರುದೇಶದ ಹೆಸರನ್ನು ಕಳಚಿ ಹೋಲ್‌ಬ್ರೂಕ್ ಎಂದು ಹೆಸರಿಟ್ಟುಕೊಂಡದ್ದು ಈತನಿಂದಾಗಿಯೇ.