ಏಳನೇ ನಿಮಿಷದಲ್ಲಿ ಅಡಗಿದ್ದ ಕತ್ತಿ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು. ಮೂರು ಎಕರೆ ಅಡಿಕೆ ತೋಟವಿದೆ. ಒಂದೂವರೆ ವರ್ಷದಿಂದ ತೋಟದ ಕೆಲಸಗಳ ಬಗ್ಗೆ ಯೂಟ್ಯೂಬಿಗೆ ವಿಡಿಯೊ ಹಾಕುತ್ತಿದ್ದೇನೆ. 63 ವಿಡಿಯೊಗಳಾದವು, ಚಂದಾದಾರರು 412 ಮಂದಿ. ಒಂದೊಂದು ವಿಡಿಯೊವನ್ನು ನೋಡುವವರು ಎಂಬತ್ತು ತೊಂಬತ್ತು ಜನ, ಅದರಲ್ಲಿ ಅರ್ಧ ನೆಂಟರೇ. ಟ್ಯಾಗ್ ಯಾವುದು ಹಾಕಬೇಕು? ಯಾವ ಹೊತ್ತಿಗೆ ಹಾಕಬೇಕು? 'ನೀವು ನನಗೆ ಸಬ್‌ಸ್ಕ್ರೈಬ್ ಮಾಡಿ, ನಾನು ನಿಮಗೆ ಮಾಡುತ್ತೇನೆ' ಎನ್ನುವ ವಾಟ್ಸ್‌ಆ್ಯಪ್ ಗುಂಪಿಗೆ ಸೇರಬಹುದೇ? ದುಡ್ಡು ಕೊಟ್ಟು ಪ್ರಚಾರ ಮಾಡಿಸಲೇ? ನನ್ನದು ಹಳ್ಳಿ ಮಾತು, ಅದೂ ಒಂದು ಕಾರಣವಿರಬಹುದೇ? (ಹೆಸರು ಬೇಡ)

ಉತ್ತರ: ನೀವು ಕಳುಹಿಸಿದ ಮೂರು ವಿಡಿಯೊಗಳಲ್ಲಿ ಅಡಿಕೆ ಕಾಯಿ ಕೊಳೆಯಿಸುವ ಕೊಳೆರೋಗದ್ದನ್ನು ಎರಡು ಸಲ ನೋಡಿದೆ. ಎರಡನೆಯ ಸಲ ಗಡಿಯಾರ ನೋಡಿಕೊಂಡು. ಮೊದಲ 20 ಸೆಕೆಂಡು ತಿರುಗುವ ಭೂಗೋಳ, ಅದರ ಮೇಲೆ ನಿಮ್ಮ ಚಾನೆಲ್ಲಿನ ಹೆಸರು, ಹಿನ್ನೆಲೆಗೆ ಡೋಲು. ಆಮೇಲೆ ನಮಸ್ಕಾರ, ಗಂಟೆಯ ಗುರುತು ಒತ್ತಿ ಎಂಬ ವಿನಂತಿ, ಹಿಂದಿನ ವಿಡಿಯೊ ನೋಡಿದವರಿಗೆ ಕೃತಜ್ಞತೆ, ಈ ಸಲದ ಮಳೆಯ ಬಗ್ಗೆ ಒಂದೆರಡು ಮಾತು. ವಿಷಯ ಶುರುವಾಗುವುದು 1 ನಿಮಿಷ 5 ಸೆಕೆಂಡಿಗೆ. ನೀವೇ ಕಳುಹಿಸಿದ, ಚಾನೆಲ್ಲಿನ ಲೆಕ್ಕ ತೋರಿಸುವ ಯೂಟ್ಯೂಬ್ ಸ್ಟುಡಿಯೊ ಪುಟದಲ್ಲಿ ಜನ ಸರಾಸರಿ ನೋಡಿದ ಅವಧಿ 1 ನಿಮಿಷ 10 ಸೆಕೆಂಡು. ಬಂದವರು ಜಗುಲಿಯಲ್ಲಿ ಕುಳಿತು, ಎಲೆ ಹಾಕುವ ಹೊತ್ತಿಗೆ ಎದ್ದು ಹೋಗುತ್ತಿದ್ದಾರೆ. ಬೇಸರ ಮಾಡಿಕೊಳ್ಳಬೇಡಿ, ನಾನೂ ಮೊದಲ ವರ್ಷ ಇಂಥದ್ದೇ ಭೂಗೋಳ ತಿರುಗಿಸಿದವನು. ಅದನ್ನು ಮಾಡಿಕೊಟ್ಟವನಿಗೆ 500 ರೂಪಾಯಿ ಬೇರೆ ಕೊಟ್ಟಿದ್ದೆ.

ಆದರೆ ಏಳನೇ ನಿಮಿಷದಲ್ಲಿ ನೀವು ಮಾಡಿದ ಒಂದು ಕೆಲಸ ನನ್ನನ್ನು ಹಿಡಿದು ಕೂರಿಸಿತು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡಲು ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರನ್ನು ಸುಣ್ಣದ ನೀರಿಗೆ ಸುರಿದು ಕದಡಿದಿರಿ. ಉಜ್ಜಿ ಹೊಳಪು ಮಾಡಿದ ಕತ್ತಿಯ ಅಲಗನ್ನು ಡ್ರಮ್ಮಿನೊಳಗೆ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಮೇಲೆತ್ತಿ ಬೆಳಕಿಗೆ ಹಿಡಿದಿರಿ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿತ್ತು. 'ಸುಣ್ಣ ಸಾಲಲಿಲ್ಲ' ಎಂದು ಇನ್ನೊಂದು ಚೆಂಬು ಸುಣ್ಣದ ನೀರು ಹಾಕಿ, ಕತ್ತಿಯನ್ನು ಮತ್ತೆ ಉಜ್ಜಿ ಅದ್ದಿದಿರಿ. ಈ ಸಲ ಅಲಗು ಬೆಳ್ಳಗೇ ಉಳಿಯಿತು. ಸುಣ್ಣ ಸಾಲದೆ ಹುಳಿ ಉಳಿದ ದ್ರಾವಣ ಎಳೆಯ ಕಾಯಿಯನ್ನು ಸುಡುತ್ತದೆ ಎಂಬುದನ್ನು ಎಷ್ಟು ಸಲ ಓದಿದರೂ ತಲೆಯಲ್ಲಿ ನಿಲ್ಲದು. ಆ ಕೆಂಪು ನೋಡಿದವನಿಗೆ ಮರೆಯುವುದಿಲ್ಲ. ಇಷ್ಟು ಒಳ್ಳೆಯ ದೃಶ್ಯವನ್ನು ಯಾರೂ ತಲುಪದ ಜಾಗದಲ್ಲಿ ಹೂತಿಟ್ಟಿದ್ದೀರಿ.

ಅದನ್ನು ಮೊದಲ ಹತ್ತು ಸೆಕೆಂಡಿಗೆ ತನ್ನಿ. ಕೆಂಪಾದ ಕತ್ತಿ ತೋರಿಸಿ, 'ಹೀಗೆ ಕಂಡರೆ ಮದ್ದು ಹೊಡೆಯಬೇಡಿ, ಕಾಯಿ ಸುಡುತ್ತದೆ' ಎಂದು ಹೇಳಿ, ನೇರ ಕೆಲಸಕ್ಕೆ ಇಳಿಯಿರಿ. ಥಂಬ್‌ನೇಲಿಗೆ (ವಿಡಿಯೊ ಒತ್ತುವ ಮೊದಲು ಕಾಣುವ ಚಿತ್ರ) ಈಗಿರುವ ನಿಮ್ಮ ಕೈಮುಗಿದ ಚಿತ್ರ ಬೇಡ. ಒಂದು ಕೆಂಪು ಅಲಗು, ಪಕ್ಕದಲ್ಲಿ ಒಂದು ಬಿಳಿ ಅಲಗು, ನಡುವೆ ಎರಡೇ ಪದ: 'ಯಾವುದು ಸರಿ?'

ಇನ್ನು ಶೀರ್ಷಿಕೆ. 'ನಮ್ಮ ತೋಟದ ಒಂದು ದಿನ, ಭಾಗ 14' ಎಂದು ಹುಡುಕುವವರು ಈ ಭೂಮಿಯ ಮೇಲೆ ಯಾರೂ ಇಲ್ಲ. ಮಳೆ ಹಿಡಿಯುವ ಮುಂಚೆ ಔಷಧಿ ಹೊಡೆಸಬೇಕು, ಮರ ಹತ್ತಿ ಮದ್ದು ಹೊಡೆಯುವ ಕೊನೆಗಾರ ನಾಳೆ ಬೆಳಿಗ್ಗೆ ಬರುತ್ತಾನೆ, ಸುಣ್ಣ ಎಷ್ಟು ಹಾಕಬೇಕೆಂದು ಗೊತ್ತಿಲ್ಲ, ಹಾಗಿರುವಾಗ ರಾತ್ರಿ ಎಂಟು ಗಂಟೆಗೆ ಮೊಬೈಲ್ ಹಿಡಿದ ಮನುಷ್ಯನನ್ನು ನೆನೆಸಿಕೊಳ್ಳಿ. ಅವನು ಬೆರಳಲ್ಲಿ ಒತ್ತುವ ಪದ 'ಬೋರ್ಡೋ ದ್ರಾವಣ', 'ಅಡಿಕೆ ಕೊಳೆರೋಗ', 'ಮೈಲುತುತ್ತು ಸುಣ್ಣ ಅಳತೆ'. ಇದೇ ರೋಗಕ್ಕೆ ಮಹಾಳಿ ಎನ್ನುವವರೂ ಇದ್ದಾರೆ. ಹೀಗಾಗಿ ಶೀರ್ಷಿಕೆ ಇಷ್ಟು ಸಾಕು: 'ಬೋರ್ಡೋ ದ್ರಾವಣ ಸರಿಯಾಗಿದೆಯೇ? ಕತ್ತಿ ಅದ್ದಿ ನೋಡಿ, ಅಡಿಕೆ ಕೊಳೆರೋಗ'. ಮಹಾಳಿ ಎಂಬ ಹೆಸರು, 100 ಲೀಟರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ ಎಂಬ ಅಳತೆ ವಿವರಣೆಯ ಮೊದಲ ಎರಡು ಸಾಲಿನಲ್ಲಿರಲಿ. ನಮ್ಮವರಲ್ಲಿ ಅನೇಕರು ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಹುಡುಕುತ್ತಾರೆ. ವಿವರಣೆಯ ಮೂರನೆಯ ಸಾಲಿನಲ್ಲಿ ಅದೇ ಪದಗಳನ್ನು ಹಾಗೆಯೂ ಒಮ್ಮೆ ಬರೆದುಬಿಡಿ.

ಈ ವಿಡಿಯೊ ಹಾಕಿದ್ದು ಆಗಸ್ಟ್ ಎರಡನೇ ವಾರ. ಮೊದಲ ಸಿಂಪಡಣೆ ಮುಂಗಾರಿಗೆ ಮುನ್ನ, ಎರಡನೆಯದು ಅದಾದ 40-45 ದಿನಕ್ಕೆ. ನಿಮ್ಮ ವಿಡಿಯೊ ಬರುವಷ್ಟರಲ್ಲಿ ಊರಿನ ಡ್ರಮ್ಮುಗಳೆಲ್ಲ ತೊಳೆದು ಬೋರಲು ಹಾಕಿಯಾಗಿತ್ತು. ಯಾವ ಹೊತ್ತಿಗೆ ಹಾಕಬೇಕು ಎಂದು ಕೇಳಿದ್ದೀರಲ್ಲ, ಸಂಜೆ ಆರೋ ಏಳೋ ಎಂಬುದು ದೊಡ್ಡ ಮಾತಲ್ಲ, ಮೇ ತಿಂಗಳೋ ಆಗಸ್ಟೋ ಎಂಬುದು ದೊಡ್ಡದು. ತೋಟದವನಿಗೆ ಪಂಚಾಂಗ ಹೇಳಿಕೊಡಬೇಕಿಲ್ಲ. ಕೊಯ್ಲಿಗೆ ಮೊದಲು ಸುಲಿಯುವ ಯಂತ್ರ ಮತ್ತು ಚೊಗರು (ಅಡಿಕೆ ಬೇಯಿಸಿದ ಕೆಂಪು ನೀರು), ಬೇಸಿಗೆಗೆ ಮೊದಲು ನೀರು, ಎಲೆಚುಕ್ಕಿ ರೋಗ ಕಾಣುವ ಮೊದಲೇ ಎಲೆಚುಕ್ಕಿಯ ವಿಡಿಯೊ. ಜನರಿಗೆ ಬೇಕಾಗುವ ಎರಡು ಮೂರು ವಾರ ಮುಂಚೆ ವಿಡಿಯೊ ಅಲ್ಲಿರಬೇಕು. ಇಂಥ ವಿಡಿಯೊ ಪ್ರತಿ ವರ್ಷ ಅದೇ ತಿಂಗಳಲ್ಲಿ ಮತ್ತೆ ಚಿಗುರುತ್ತದೆ ಎನ್ನುವುದೇ ನಿಮ್ಮ ವಿಷಯದ ಭಾಗ್ಯ. ಹಳೆಯದನ್ನು ಅಳಿಸಬೇಡಿ. ಶೀರ್ಷಿಕೆ, ಥಂಬ್‌ನೇಲ್ ಬದಲಿಸಿ. ಸ್ಟುಡಿಯೊದಲ್ಲೇ ಕತ್ತರಿಸುವ ಸೌಲಭ್ಯವಿದೆ, ಭೂಗೋಳವನ್ನು ಅಲ್ಲೇ ತೆಗೆದುಹಾಕಿ.

ಸ್ಟುಡಿಯೊದಲ್ಲಿ ಎರಡೇ ಅಂಕಿ ನೋಡುತ್ತಿರಿ. ಥಂಬ್‌ನೇಲ್ ಕಣ್ಣಿಗೆ ಬಿದ್ದ ನೂರು ಸಲದಲ್ಲಿ ಎಷ್ಟು ಸಲ ಒತ್ತಿದರು ಎಂಬುದು ಒಂದು. ಅರ್ಧದಷ್ಟು ಚಾನೆಲ್ಲುಗಳಿಗೂ ವಿಡಿಯೊಗಳಿಗೂ ಇದು ಶೇಕಡಾ 2ರಿಂದ 10ರ ನಡುವೆ ಇರುತ್ತದೆ ಎಂದು ಯೂಟ್ಯೂಬೇ ಹೇಳುತ್ತದೆ. ನಿಮ್ಮದು 1.9. ಇದು ಥಂಬ್‌ನೇಲ್ ಮತ್ತು ಶೀರ್ಷಿಕೆಯ ಕಾಯಿಲೆ. ಇನ್ನೊಂದು, ಒತ್ತಿದವರು ಎಲ್ಲಿ ಎದ್ದು ಹೋದರು ಎಂದು ತೋರಿಸುವ ಗೆರೆ. ಅದು ಎಲ್ಲಿ ಜಾರುತ್ತದೋ ಅಲ್ಲಿ ನೀವು ಏನು ಮಾಡುತ್ತಿದ್ದಿರಿ ಎಂದು ಹೋಗಿ ನೋಡಿ. ಈ ಎರಡೂ ಸುಧಾರಿಸಿದರೆ ಯೂಟ್ಯೂಬ್ ತಾನಾಗಿಯೇ ನಿಮ್ಮ ವಿಡಿಯೊವನ್ನು ಅಪರಿಚಿತರ ಮುಂದೆ ಇಡತೊಡಗುತ್ತದೆ.

ಉಳಿದ ಪ್ರಶ್ನೆಗಳಿಗೆ ಚುಟುಕಾಗಿ ಹೇಳುತ್ತೇನೆ. ವಿಡಿಯೊಗೆ ಅಂಟಿಸುವ ಹುಡುಕುಪದಗಳಾದ ಟ್ಯಾಗಿಗೆ ತಲೆ ಕೆಡಿಸಿಕೊಳ್ಳಬೇಡಿ. ಜನ ತಪ್ಪಾಗಿ ಟೈಪ್ ಮಾಡುವ ಪದಗಳಿದ್ದರೆ ಅಷ್ಟಿಷ್ಟು ಉಪಯೋಗ, ಅದರಾಚೆ ಹೆಚ್ಚೇನಿಲ್ಲ. 'ನೀವು ನನಗೆ, ನಾನು ನಿಮಗೆ' ಗುಂಪಿಗೆ ಸೇರಲೇಬೇಡಿ. ಅದು ಯೂಟ್ಯೂಬಿನ ನಿಯಮಕ್ಕೆ ವಿರುದ್ಧ, ಚಾನೆಲ್ಲಿಗೇ ಕುತ್ತು. ನಿಯಮ ಹಾಗಿರಲಿ, ಆ ಗುಂಪಿನಲ್ಲಿರುವ ಸೀರೆ ವ್ಯಾಪಾರಿಗೆ ನಿಮ್ಮ ಮೈಲುತುತ್ತು ಕಟ್ಟಿಕೊಂಡು ಏನಾಗಬೇಕು? ಅವರು ಚಂದಾದಾರರಾಗಿಯೂ ಒತ್ತುವುದಿಲ್ಲ, ಒತ್ತದಿದ್ದರೆ ನಿಮ್ಮ 1.9 ಇನ್ನೂ ಕೆಳಗಿಳಿಯುತ್ತದೆ.

ದುಡ್ಡು ಕೊಟ್ಟು ಜಾಹೀರಾತಾಗಿ ಓಡಿಸಿದರೆ ನೋಡಿದವರ ಸಂಖ್ಯೆ ಏರುತ್ತದೆ, ನಿಜ. ಆದರೆ ಜಾಹೀರಾತು ಆದಾಯಕ್ಕೆ ಅರ್ಹರಾಗಲು 1,000 ಚಂದಾದಾರರ ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಬೇಕಲ್ಲ, ಆ ಲೆಕ್ಕಕ್ಕೆ ಜಾಹೀರಾತಿನಿಂದ ಬಂದ ಗಂಟೆಗಳು ಸೇರುವುದಿಲ್ಲ. (ಶಾರ್ಟ್ಸ್ ಎಂಬ ಪುಟ್ಟ ವಿಡಿಯೊಗಳ ಮೂಲಕವಾದರೆ 90 ದಿನದಲ್ಲಿ ಒಂದು ಕೋಟಿ ವೀಕ್ಷಣೆ, ಅಡಿಕೆ ತೋಟಕ್ಕೆ ಆ ದಾರಿ ಕಷ್ಟ.) 4,000 ಗಂಟೆಯೆಂದರೆ 2,40,000 ನಿಮಿಷ. ಒಬ್ಬೊಬ್ಬರು 1 ನಿಮಿಷ 10 ಸೆಕೆಂಡು ನೋಡಿದರೆ ಎರಡು ಲಕ್ಷಕ್ಕೂ ಹೆಚ್ಚು ವೀಕ್ಷಣೆ ಬೇಕು. ನಾಲ್ಕು ನಿಮಿಷ ಕೂತರೆ 60,000 ಸಾಕು. ಆ ದುಡ್ಡಿನಲ್ಲಿ ಅಂಗಿಗೆ ಸಿಕ್ಕಿಸುವ ಒಂದು ಮೈಕ್ ಕೊಳ್ಳಿ. ಸಿಂಪಡಿಸುವ ಯಂತ್ರದ ಸದ್ದಿನಲ್ಲಿ ನಿಮ್ಮ ಅರ್ಧ ಮಾತು ಮುಳುಗಿಹೋಗಿದೆ.

ಮಾತಿನ ಬಗ್ಗೆ ಅಂಜಿಕೆ ಬೇಡವೇ ಬೇಡ. ಇನ್ನೊಂದು ವಿಡಿಯೊದಲ್ಲಿ ಬೆಂಗಳೂರಿನ ನಿರೂಪಕರಂತೆ ಮಾತನಾಡಲು ಹೋಗಿ ಕೊನೆಗಾರನನ್ನು 'ಕಾರ್ಮಿಕ ಸ್ನೇಹಿತರು' ಎಂದಿರಿ. ಅಲ್ಲಿ ನಾನು ನಕ್ಕೆ. ದೋಟಿ, ಕೊನೆ, ಗೊನೆ, ಚೊಗರು ಎಂದು ಬಾಯಿಗೆ ಬಂದಂತೆ ಹೇಳಿದಾಗಲೇ ಕೇಳುವವನಿಗೆ ಇವನು ತೋಟದವನೇ ಎಂದು ನಂಬಿಕೆ ಹುಟ್ಟುವುದು.

ಒಂದು ಕೆಲಸ ಬಾಕಿ ಇದೆ. ವಾಟ್ಸ್‌ಆ್ಯಪಿನ ಬೆಳೆಗಾರರ ಗುಂಪಿಗೆ ಬರಿಯ ಕೊಂಡಿ ಎಸೆಯಬೇಡಿ. ಯಾರಾದರೂ 'ಮದ್ದು ಹೊಡೆದ ಮೇಲೆ ಕಾಯಿ ಕಪ್ಪಾಯಿತು' ಎಂದು ಕೇಳಿದಾಗ ಎರಡು ಸಾಲಿನಲ್ಲಿ ಉತ್ತರ ಬರೆದು, ಕೆಳಗೆ ಕೊಂಡಿ ಹಾಕಿ. ಅಲ್ಲಿಂದ ಬಂದ ಹತ್ತು ಜನ ವಿಡಿಯೊದ ಕೆಳಗೆ ಕೇಳುವ ಪ್ರಶ್ನೆಗಳೇ ನಿಮ್ಮ ಮುಂದಿನ ಹತ್ತು ವಿಡಿಯೊ.

ಪ್ರಶ್ನೆ: ಧಾರವಾಡದಲ್ಲಿ ನಿವೃತ್ತ ಶಿಕ್ಷಕಿ. ಮಕ್ಕಳಿಗೆ ಕನ್ನಡದ ಕಥೆಗಳನ್ನು ಓದಿ ಹಾಕುತ್ತೇನೆ. ವಿದೇಶದಲ್ಲಿರುವ ಮೊಮ್ಮಗನಿಗೆಂದು ಶುರು ಮಾಡಿದ್ದು. ನೋಡುವವರಿದ್ದಾರೆ, ಆದರೆ ಒಬ್ಬರೂ ಒಂದು ಪ್ರತಿಕ್ರಿಯೆ ಬರೆಯುವುದಿಲ್ಲ. ಓದು ಹಿಡಿಸುತ್ತಿಲ್ಲವೇ?

ಉತ್ತರ: ಅಮ್ಮಾ, ನಿಮ್ಮ ಓದಿನಲ್ಲಿ ಕೊರತೆಯಿಲ್ಲ. ಅವರು ಬರೆಯುವುದಿಲ್ಲ ಎಂದಲ್ಲ, ಬರೆಯಲು ಜಾಗವೇ ಇಲ್ಲ. ವಿಡಿಯೊ ಏರಿಸುವಾಗ 'ಮಕ್ಕಳಿಗಾಗಿ ಮಾಡಿದ್ದು' ಎಂದು ಗುರುತು ಹಾಕುತ್ತೀರಲ್ಲ, 2020ರಿಂದ ಅಂಥ ವಿಡಿಯೊಗಳಿಗೆ ಪ್ರತಿಕ್ರಿಯೆಯ ಜಾಗ ಮುಚ್ಚಿರುತ್ತದೆ, ಗಂಟೆಯ ಸೂಚನೆಯೂ ಹೋಗುವುದಿಲ್ಲ. ಪ್ರತಿಕ್ರಿಯೆಗಾಗಿ ಆ ಗುರುತು ತೆಗೆಯಲು ಹೋಗಬೇಡಿ, ಮಕ್ಕಳ ವಿಡಿಯೊಗೆ ಅದು ಕಡ್ಡಾಯ.

ದಾರಿ ಬೇರೆ ಇದೆ. ಕಥೆ ಕೇಳುವುದು ಮಗುವಾದರೂ ಮೊಬೈಲ್ ಒತ್ತುವುದು ತಾಯಿ. ಆ ತಾಯಿಗೆಂದೇ ವಾರಕ್ಕೊಂದು ಚಿಕ್ಕ ವಿಡಿಯೊ ಮಾಡಿ: ಈ ಕಥೆಯಲ್ಲಿ 'ಕಣಜ' ಎಂದರೆ ಏನೆಂದು ಮಗು ಕೇಳಿದರೆ ಹೇಗೆ ಹೇಳುವುದು, ಳ ಮತ್ತು ಲ ತಿದ್ದಿಸುವುದು ಹೇಗೆ. ಇದು ದೊಡ್ಡವರಿಗಾಗಿ ಮಾಡಿದ್ದು, ಮಾತುಕತೆ ಇಲ್ಲಿ ನಡೆಯಲಿ. ಕಥೆಗಳನ್ನು 'ಐದು ನಿಮಿಷದವು', 'ಮಲಗುವ ಹೊತ್ತಿನವು' ಎಂದು ಪಟ್ಟಿ (ಪ್ಲೇಲಿಸ್ಟ್) ಕಟ್ಟಿಡಿ. ಒಂದು ಮುಗಿದರೆ ಇನ್ನೊಂದು ತಾನಾಗಿ ಬರುತ್ತದೆ. ಹೊರದೇಶಗಳಲ್ಲಿ ವಾರಾಂತ್ಯದ ಕನ್ನಡ ತರಗತಿ ನಡೆಸುವವರಿಗೆ ಇಂಥ ಪಟ್ಟಿ ಬಹಳ ಬೇಕಾಗಿದೆ. ಮೊಮ್ಮಗನ ಊರಿನ ಕನ್ನಡ ಕೂಟದಿಂದಲೇ ಶುರು ಮಾಡಿ.

ನೀವು ಕೇಳದ ಒಂದು ಮಾತು. ಯಾರ ಕಥೆ ಓದುತ್ತೀರಿ ಎಂಬುದನ್ನು ನೋಡಿಕೊಳ್ಳಿ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ, ಧೈರ್ಯವಾಗಿ ಓದಿ. ಕುವೆಂಪು ಅವರದ್ದಾದರೆ 2054 ಮುಗಿಯುವವರೆಗೆ ಅನುಮತಿ ಬೇಕು. 90 ದಿನದೊಳಗೆ ಮೂರು ಹಕ್ಕುಸ್ವಾಮ್ಯದ ದೂರು ಬಿದ್ದರೆ ಚಾನೆಲ್ಲೇ ಹೋಗುತ್ತದೆ.

ಪ್ರಶ್ನೆ: ದಾವಣಗೆರೆಯಿಂದ ಅಡುಗೆ ಚಾನೆಲ್ ನಡೆಸುತ್ತಿದ್ದೇನೆ. ಒಂದು ಕಂಪನಿಯವರು 24,000 ರೂಪಾಯಿಯ ಗ್ರೈಂಡರ್ ಕಳುಹಿಸಿದ್ದಾರೆ, 'ಸಹಜವಾಗಿ ಬಳಸಿ ತೋರಿಸಿ, ನಾವು ಕೊಟ್ಟಿದ್ದು ಎಂದು ಹೇಳಬೇಡಿ' ಎನ್ನುತ್ತಾರೆ. ಒಪ್ಪಬಹುದೇ?

ಉತ್ತರ: ಬೇಡ. ಬಿಟ್ಟಿಯಾಗಿ ಬಂದದ್ದನ್ನೂ ಹೇಳಿಯೇ ತೋರಿಸಬೇಕೆಂದು ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ನಿಯಮ ಮಾಡಿದೆ, ಗ್ರಾಹಕ ವ್ಯವಹಾರಗಳ ಇಲಾಖೆಯೂ 2023ರಲ್ಲಿ ಅದನ್ನೇ ಹೇಳಿತು. ದಾರಿ ತಪ್ಪಿಸುವ ಜಾಹೀರಾತಿಗೆ ದಂಡ ಮೊದಲ ಸಲಕ್ಕೆ 10 ಲಕ್ಷದವರೆಗೆ ಹೋಗಬಹುದು. ವಿಡಿಯೊದ ಮೊದಲಲ್ಲೇ 'ಇದು ಕಂಪನಿಯವರು ಕೊಟ್ಟಿದ್ದು' ಎಂದು ಹೇಳಿ, ದೋಸೆ ಹಿಟ್ಟು ನುಣ್ಣಗಾಯಿತೋ ಇಲ್ಲವೋ ಅದನ್ನೂ ಹೇಳಿ. ನಿಮ್ಮ ಮಾತು ನಂಬಿ ಗ್ರೈಂಡರ್ ಕೊಂಡ ಗೃಹಿಣಿ ಮತ್ತೆ ನಿಮ್ಮ ಚಾನೆಲ್ಲಿಗೆ ಬರಬೇಕು ತಾನೆ?

ತೆರಿಗೆಯದ್ದೂ ಒಂದು ಲೆಕ್ಕವಿದೆ. ವರ್ಷಕ್ಕೆ 20,000 ರೂಪಾಯಿ ಮೀರಿದ ಇಂಥ ಉಡುಗೊರೆಗೆ ಕೊಟ್ಟವರು ಶೇಕಡಾ 10 ತೆರಿಗೆ ಕಡಿತ ಮಾಡಬೇಕೆಂಬ ನಿಯಮ 2022ರ ಜುಲೈನಿಂದ ಬಂದಿದೆ. ವಿಡಿಯೊ ಮುಗಿಸಿ ಗ್ರೈಂಡರನ್ನು ಹಿಂದಿರುಗಿಸಿದರೆ ಅದು ಅನ್ವಯಿಸುವುದಿಲ್ಲ. ಇಟ್ಟುಕೊಳ್ಳುವುದಾದರೆ ಕಂಪನಿಯವರಿಗೆ ಪ್ಯಾನ್ ಸಂಖ್ಯೆ ಕೊಟ್ಟು, ತೆರಿಗೆ ಯಾರು ಕಟ್ಟುತ್ತಾರೆ ಎಂದು ಪೆಟ್ಟಿಗೆ ಬಿಚ್ಚುವ ಮೊದಲೇ ಇಮೇಲಿನಲ್ಲಿ ಬರೆಸಿಕೊಳ್ಳಿ.